ಬೀದಿ ಸುತ್ತುವವಳು

ಇನ್ನೂ ಸ್ವಲ್ಪ ಹೊತ್ತು ಯಾರೂ ಅಲುಗಾಡುವಂತಿರಲಿಲ್ಲ. ಬಾಗಿಲು ತೆಗೆಯುವಂತಿಲ್ಲ, ಸೀಟಿನಲ್ಲಿ ಹೊರಳುವಂತಿಲ್ಲ, ಸೀನು ಬಂದರೂ ಮೂಗು ಹಿಡಿದುಕೊಳ್ಳಬೇಕು. ಕಾರಿನ ನೆತ್ತಿಯ ಮೇಲೆ ಕಬ್ಬಿಣದ ಕಂಬ, ಅದರ ತುದಿಯಲ್ಲಿ ಸುತ್ತಲೂ ಕಣ್ಣಿರುವ ಕ್ಯಾಮೆರಾ, ಅದರ ಕೆಳಗೆ ಗಿರಗಿರನೆ ತಿರುಗುವ ಲೇಸರ್. ಬೀದಿಗಳನ್ನು ಅಳೆದು ನಕ್ಷೆ ಮಾಡುವ ಕೆಲಸ ಶುರುವಾಗುವ ಮೊದಲು ತಾನು ಎಲ್ಲಿದ್ದೇನೆಂದು ಆ ಯಂತ್ರಕ್ಕೆ ತಿಳಿಯಬೇಕು. ಅದಕ್ಕೆ ದಿನವೂ ಮರವಿಲ್ಲದ ಬಯಲಿನಲ್ಲಿ ಕಾರು ಕಲ್ಲಿನ ಹಾಗೆ ನಿಲ್ಲಬೇಕು. ಅವಳು ಮಡಿಲಲ್ಲಿದ್ದ ಸ್ಕ್ರೀನ್ ನೋಡುತ್ತಿದ್ದಳು. ಉಪಗ್ರಹಗಳ ಗುರುತುಗಳು ಒಂದೊಂದಾಗಿ ಹಸಿರಾಗುತ್ತಿದ್ದವು.

ಈ ಹೊತ್ತು ಅವಳಿಗೆ ಇಷ್ಟ. ಬೆಳಿಗ್ಗೆ ಎದ್ದಾಗಿನಿಂದ ಒಲೆ, ಪಾತ್ರೆ, ಅತ್ತೆಯ ಮಾತ್ರೆ, ಗಂಡನ ಅಂಗಿಯ ಇಸ್ತ್ರಿ ಎಂದು ಒಂದು ಕಡೆ ನಿಲ್ಲದ ಮೈ ಇಲ್ಲಿ ಕೆಲಸದ ಹೆಸರಿನಲ್ಲೇ ಸುಮ್ಮನೆ ಕೂರುತ್ತಿತ್ತು. ಯಾರಾದರೂ ಕರೆದರೆ ಈಗ ಅಲುಗಾಡುವಂತಿಲ್ಲ ಎನ್ನಬಹುದಿತ್ತು. ಮನೆಯಲ್ಲಿ ಹಾಗೆ ಹೇಳಿದ ಹೆಂಗಸನ್ನು ಅವಳು ಈವರೆಗೆ ಕಂಡಿರಲಿಲ್ಲ.

"ಆಯ್ತಾ ತಂಗ್ಯಮ್ಮ? ಬೆನ್ನು ಕೆರೀತಿದೆ," ಎಂದ ಚಾಲಕ, ತುಟಿ ಅಲ್ಲಾಡಿಸದೆ.

"ತಡ್ಕೊಳಿ. ಇನ್ನೊಂದು ಹಸಿರಾಗ್ಲಿ."

"ಅಷ್ಟು ಮೇಲಿರೋ ಉಪಗ್ರಹಕ್ಕೆ ನಾನು ಬೆನ್ನು ಕೆರ್ಕೊಳ್ಳೋದು ಕಾಣತ್ತಾ?"

"ಕಾಣಲ್ಲ. ಆದ್ರೆ ಯಂತ್ರಕ್ಕೆ ಗೊತ್ತಾಗತ್ತೆ."

"ಅಂದ್ರೆ ನನ್ನ ಹೆಂಡ್ತಿ ಇದ್ದ ಹಾಗೆ."

ಕೊನೆಯದೂ ಹಸಿರಾಯಿತು. ಅವನು ಬೆನ್ನನ್ನು ಸೀಟಿಗೆ ಚೆನ್ನಾಗಿ ಉಜ್ಜಿಕೊಂಡು, ಬಯಲಿನಲ್ಲಿ ಕಾರನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ಓಡಿಸತೊಡಗಿದ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಹಾಗೆ ಓಡಿಸಿದರೆ ಮಾತ್ರ ಯಂತ್ರಕ್ಕೆ ದಿಕ್ಕು ತಿಳಿಯುವುದು. ದಿನವೂ ಇದನ್ನೇ ಮಾಡುವ ಅವನಿಗೆ ಕಂಪನಿಯಲ್ಲಿ ಎಂಟಣ್ಣ ಎಂದೇ ಹೆಸರು. ಅವನ ನಿಜವಾದ ಹೆಸರು ಸಂಬಳ ಹಾಕುವವರಿಗೆ ಮಾತ್ರ ನೆನಪಿತ್ತು.

"ಬಂದರಿನ ಕೆಲಸಕ್ಕೆ ಹೋಗಲ್ಲ ಅಂದ್ರಂತೆ?" ಎಂದು ಅವನು ಎರಡನೆಯ ಸುತ್ತಿನಲ್ಲಿ ಕೇಳಿದ.

ಕಡಲ ದಂಡೆಯ ಒಂದು ಊರನ್ನು ಪೂರ್ತಿಯಾಗಿ ಅಳೆಯುವ ಕೆಲಸ ಕಂಪನಿಗೆ ಸಿಕ್ಕಿತ್ತು. ಕೆಲವು ತಿಂಗಳು ಅಲ್ಲೇ ಇರಬೇಕು. ತಂಡವನ್ನು ನೀವೇ ನಡೆಸಿ ಎಂದು ಸೂಪರ್‌ವೈಸರ್ ಅವಳನ್ನು ಕೇಳಿದ್ದರು. ಅವಳು ನಿಂತ ಕಾಲಲ್ಲೇ ಆಗಲ್ಲ ಸರ್ ಎಂದಿದ್ದಳು. ಮನೆಯಲ್ಲಿ ಒಂದು ಮಾತು ಕೇಳಿಯೂ ಇರಲಿಲ್ಲ. ಬರುವ ಉತ್ತರ ಗೊತ್ತಿದ್ದರಿಂದ ಕೇಳುವ ಶ್ರಮವನ್ನು ಅವಳೇ ಉಳಿಸಿದ್ದಳು.

"ಮನೆ ಇದೆಯಲ್ಲ ಅಣ್ಣ."

"ನನಗೂ ಇದೆ. ನಾನು ಹೋಗ್ತಿದ್ದೀನಿ."

ಅವಳು ಆ ದಿನದ ಬೀದಿಗಳನ್ನು ಸ್ಕ್ರೀನಿನ ಮೇಲೆ ತೆರೆದಳು. ಇವತ್ತು ಅವಳದೇ ಬಡಾವಣೆಯ ಸರದಿ. ಹಲವು ವಾರಗಳಿಂದ ಅವಳು ಈ ದಿನವನ್ನು ಹೆದರಿಕೊಂಡೇ ಕಾಯುತ್ತಿದ್ದಳು. ಅವಳು ಮಾಡುವುದು ಏನು ಕೆಲಸವೆಂದು ಮನೆಯವರಿಗೆ ಗೊತ್ತು. ಬೀದಿಗೆ ಗೊತ್ತಿಲ್ಲ. ಬೀದಿಯ ಬಾಯಲ್ಲೇ ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ಕೇಳಿದವರಿಗೆಲ್ಲ, "ಆಫೀಸಲ್ಲಿ, ಕಂಪ್ಯೂಟರ್ ಮುಂದೆ," ಎಂದು ಹೇಳಿಟ್ಟಿದ್ದ. ಆ ಮಾತು ಸುಳ್ಳಾಗದಿರಲೆಂದು ಅವಳು ದಿನವೂ ಸಂಜೆ ಎರಡು ಬೀದಿ ಆಚೆ, ಬೇಕರಿಯ ಹತ್ತಿರ ಕಾರಿನಿಂದ ಇಳಿದು, ಕಂಪನಿಯ ಕಿತ್ತಳೆ ಬಣ್ಣದ ಜಾಕೆಟ್ ಬಿಚ್ಚಿ ಸುರುಳಿ ಸುತ್ತಿ, ಊಟದ ಡಬ್ಬಿಯ ಕೆಳಗೆ ತುರುಕಿ, ಆಮೇಲೆ ಮನೆಗೆ ನಡೆಯುತ್ತಿದ್ದಳು. ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳು ಮಾತ್ರ ಫೋನಿನಲ್ಲಿ ಅವಳ ನಂಬರನ್ನು 'ಅಮ್ಮ ಉಪಗ್ರಹ' ಎಂದು ಬರೆದಿಟ್ಟುಕೊಂಡು ನಗುತ್ತಿದ್ದಳು.

ಅಳೆಯಬೇಕಾದ ಬೀದಿಗಳು ಸ್ಕ್ರೀನಿನಲ್ಲಿ ನೀಲಿ. ಬೇಕರಿಯ ಬೀದಿ ನೀಲಿ, ಗಿರಣಿಯ ಬೀದಿ ನೀಲಿ, ಶಾಲೆಯ ಹಿಂದಿನ ತಿರುವೂ ನೀಲಿ. ನಡುವೆ ಅವಳ ಬೀದಿಯೊಂದು ಬೂದಿಬಣ್ಣಕ್ಕೆ ತಿರುಗಿತ್ತು. ಬೂದಿಬಣ್ಣ ಎಂದರೆ ಬೇರೆ ತಂಡಕ್ಕೆ ಕೊಟ್ಟಿದ್ದಾರೆಂದು ಅರ್ಥ.

ಅವಳು ಸೂಪರ್‌ವೈಸರ್‌ಗೆ ಫೋನ್ ಮಾಡಿದಳು.

"ಅದು ಮೇಡಂ," ಎಂದು ಅವರು ತಡವರಿಸಿದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ಸಂಕೋಚ ಜಾಸ್ತಿ. "ನಿಮ್ಮ ಯಜಮಾನ್ರೇ ಫೋನ್ ಮಾಡಿದ್ರು. ಅದೊಂದು ಬೀದಿ ಬೇರೆಯವರಿಗೆ ಕೊಡಿ, ಅವಳಿಗೆ ಮುಜುಗರ ಆಗತ್ತೆ ಅಂದ್ರು. ನೀವೇ ಹೇಳಿಸಿದ್ದೀರ ಅಂದ್ಕೊಂಡೆ."

"ನಾನು ಹೇಳಿಸಿಲ್ಲ ಸರ್."

"ಓ," ಎಂದರು ಅವರು.

ಆ ದಿನ ಅವರು ಬಡಾವಣೆಯ ಎಲ್ಲ ಬೀದಿಗಳನ್ನೂ ಸುತ್ತಿದರು. ಹೋದ ಬೀದಿಯಲ್ಲೇ ಹಿಂದಿರುಗಿ ಬಂದರು, ಎರಡು ಬದಿಯೂ ಸಿಗಬೇಕಲ್ಲ. ಅವಳ ಬೀದಿಯ ಬಾಯಿ ಬಂದಾಗಲೆಲ್ಲ ಎಂಟಣ್ಣ ಮಾತು ನಿಲ್ಲಿಸಿ ಮುಂದಕ್ಕೆ ಓಡಿಸಿದ. ಸಂಜೆಗೆ ಸ್ಕ್ರೀನ್ ನೋಡಿದರೆ ಸುತ್ತಲ ಬೀದಿಗಳೆಲ್ಲ ಹಸಿರಾಗಿ, ನಡುವೆ ಒಂದು ಮಾತ್ರ ಬಾಯಿಯಲ್ಲಿ ಬಿದ್ದುಹೋದ ಹಲ್ಲಿನ ಜಾಗದಂತೆ ಖಾಲಿ ಇತ್ತು.

ಗಂಡ ಅಂಗಡಿ ಮುಚ್ಚಿ ಬಂದು, ದಿನದ ಅಭ್ಯಾಸದಂತೆ ಊಟದ ಮೇಜಿನ ಮುಂದೆ ಕೂತು ಹಳದಿ ಬಟ್ಟೆಯಿಂದ ತನ್ನ ಕನ್ನಡಕ ಒರೆಸುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಬಿಸಿಲಿನಲ್ಲಿ ಕಣ್ಣು ಹಾಳಾಗುತ್ತದೆಂದು ಅಂಗಡಿಯ ಒಳ್ಳೆಯ ಕಪ್ಪು ಕನ್ನಡಕವನ್ನು ತಾನೇ ಆರಿಸಿ ಅವಳಿಗೆ ತಂದುಕೊಟ್ಟವನು. ಜನ ಏನಂದುಕೊಳ್ಳುತ್ತಾರೋ ಎಂಬ ಒಂದು ಚಿಂತೆ ಮಾತ್ರ ಅವನಿಗೆ ಹುಟ್ಟಿನಿಂದ ಅಂಟಿಕೊಂಡಿತ್ತು.

"ನಮ್ಮ ಸಾಹೇಬ್ರಿಗೆ ಫೋನ್ ಮಾಡಿದ್ರಂತೆ," ಎಂದಳು ಅವಳು, ತಟ್ಟೆ ಇಡುತ್ತಾ.

"ಹೂಂ. ಹೇಳೋಣ ಅಂತಲೇ ಇದ್ದೆ."

"ಯಾವಾಗ ಹೇಳ್ತಿದ್ರಿ?"

ಅವನು ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ. "ನೋಡು, ಕೆಲಸ ಬಿಡು ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ಇಡೀ ಊರು ಸುತ್ತು, ಬೇಡ ಅನ್ನಲ್ಲ. ಈ ಒಂದು ಬೀದಿ ಬಿಡು ಅಂದೆ, ಅಷ್ಟೆ."

"ಈ ಒಂದು ಬೀದೀಲೇ ಅಲ್ವಾ ನಾನಿರೋದು?"

ಒಳಗಿನ ಮಂಚದ ಮೇಲೆ ಕೂತಿದ್ದ ಅತ್ತೆ ಅಲ್ಲಿಂದಲೇ ಬಾಯಿ ಹಾಕಿದರು. "ಅವನು ಹೇಳಿದ್ರಲ್ಲಿ ತಪ್ಪೇನಿದೆ? ಯಾವನೋ ಡ್ರೈವರ್ ಪಕ್ಕದಲ್ಲಿ ಕೂತ್ಕೊಂಡು ದಿನವಿಡೀ ತಿರುಗೋದು. ಬೀದಿ ಸುತ್ತೋಳು ಅಂತ ಅನ್ನಿಸ್ಕೋಬೇಕಾ?"

"ನನ್ನ ಕೆಲಸವೇ ಅದು ಅತ್ತೆ. ಬೀದಿ ಸುತ್ತೋಕೇ ಸಂಬಳ ಕೊಡ್ತಾರೆ."

"ಸಂಬಳ ಕೊಟ್ಬಿಟ್ರೆ ಮಾತಿನ ಅರ್ಥ ಬದಲಾಗ್ಬಿಡತ್ತಾ?"

ಪಾತ್ರೆ ತೊಳೆಯುವಾಗಲೂ ಆ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಬೀದಿ ಸುತ್ತುವವನು ಎಂದರೆ ಮಾಡಲು ಕೆಲಸವಿಲ್ಲದವನು, ಸ್ವಲ್ಪ ಸೋಮಾರಿ, ಮದುವೆ ಮಾಡಿದರೆ ಸರಿಹೋಗುತ್ತಾನೆ. ಬೀದಿ ಸುತ್ತುವವಳು ಎಂದರೆ ಹಾಗಲ್ಲ. ಅವಳು ಹುಡುಗಿಯಾಗಿದ್ದಾಗ ಗೆಳತಿಯ ಮನೆಯಿಂದ ಕತ್ತಲಾಗುವ ಮುಂಚೆ ಓಡಿ ಬಂದದ್ದು, ಅಂಗಡಿಗೆ ಕಳಿಸಿದರೆ ಹೋದ ದಾರಿಯಲ್ಲೇ ತಲೆ ತಗ್ಗಿಸಿ ಬಂದದ್ದು, ಎಲ್ಲವೂ ಆ ಒಂದು ಮಾತಿನ ಹೆದರಿಕೆಯಿಂದ. ಈಗ ನಲವತ್ತು ದಾಟಿದ ಮೇಲೆ ಊರಿನ ಒಂದೊಂದು ಬೀದಿಯನ್ನೂ ಎರಡೆರಡು ಸಲ ಸುತ್ತಿದ್ದಳು. ಯಾವ ತಿರುವಿನಲ್ಲಿ ರಸ್ತೆ ಕಿರಿದಾಗುತ್ತದೆ, ಯಾರ ಮನೆಯ ಮೆಟ್ಟಿಲು ಮುಂದಕ್ಕೆ ಚಾಚಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಆದರೂ ತನ್ನ ಮನೆ ಸಮೀಪಿಸಿದ ಕೂಡಲೇ ಜಾಕೆಟ್ ಬಿಚ್ಚಿ ಡಬ್ಬಿಯ ಕೆಳಗೆ ಹಾಕುತ್ತಿದ್ದಳು.

ಮುಂದಿನ ವಾರ ಸೂಪರ್‌ವೈಸರ್ ಅವಳನ್ನು ತಮ್ಮ ಮೇಜಿಗೆ ಕರೆದರು.

"ನಿಮ್ಮ ಬೀದಿ ಎರಡಾಗಿದೆ ಮೇಡಂ," ಎಂದರು.

ಅವಳ ಬೀದಿ ಬಾಯಲ್ಲಿ ಅಗಲ, ಒಳಗೆ ಹೋದಂತೆ ಕಿರಿದು, ಕಾರು ಹೋಗುವುದಿಲ್ಲ. ಅಂಥ ಕಡೆ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯಬೇಕು. ಸಮ ಹೆಜ್ಜೆ, ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ, ಗಕ್ಕನೆ ತಿರುಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೀದಿಯ ಕೊನೆ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ, ಹೊರಟ ಜಾಗದಲ್ಲೇ ಬಂದು ನಿಲ್ಲಬೇಕು. ಆಗ ಮಾತ್ರ ನಡೆಯುವಾಗ ಸೇರಿಕೊಂಡ ಸಣ್ಣಪುಟ್ಟ ತಪ್ಪುಗಳನ್ನು ಯಂತ್ರ ತಾನೇ ಸರಿಮಾಡಿಕೊಳ್ಳುತ್ತದೆ. ಇನ್ನೊಂದು ತಂಡದವನು ಒಳಗೆ ಹೋದವನೇ ಗಿರಣಿಯ ಹಿಂದಿನ ಗೇಟು ಕಂಡು ಅಲ್ಲಿಂದಲೇ ಹೊರಬಿದ್ದಿದ್ದ. ಮಧ್ಯಾಹ್ನ ಟೀ ಕುಡಿದು ಬಂದು ಇನ್ನೊಂದು ಬದಿ ನಡೆದಿದ್ದ. ಎರಡು ನಡಿಗೆಗಳೂ ಎಲ್ಲೂ ಒಂದಕ್ಕೊಂದು ಕೂಡಿರಲಿಲ್ಲ; ಅದಕ್ಕೇ ಒಂದು ಬೀದಿ ಎರಡಾಗಿ ಬಂದಿತ್ತು.

ಸ್ಕ್ರೀನಿನ ಮೇಲೆ ಬೀದಿ ಕೋಟಿ ಚುಕ್ಕಿಗಳಾಗಿ ಹರಡಿತ್ತು. ಪ್ರತಿ ಗೋಡೆಯ ಪಕ್ಕದಲ್ಲೂ ಅದರದೇ ನೆರಳಿನಂಥ ಇನ್ನೊಂದು ಗೋಡೆ. ಒಂದೊಂದು ಮೆಟ್ಟಿಲಿಗೂ ಜೋಡಿ ಮೆಟ್ಟಿಲು. ಅವಳ ಮನೆಗೆ ಎರಡು ಬಾಲ್ಕನಿ, ಎರಡು ಬಾಗಿಲು. ಒಂದು ಅವಳಿರುವ ಮನೆ, ಇನ್ನೊಂದು ಗಂಡ ಬೀದಿಗೆ ಹೇಳಿಕೊಂಡ ಮನೆ ಎಂದುಕೊಂಡಳು. ನಗು ಬಂತು, ಆದರೆ ತುಟಿಯ ತನಕ ಬರಲಿಲ್ಲ.

"ಇನ್ನೊಂದು ಸಲ ನಡೀಬೇಕು," ಎಂದರು ಸೂಪರ್‌ವೈಸರ್. "ಅವನನ್ನೇ ಕಳಿಸೋಣ ಅಂದ್ರೆ ರಜೆ ಹಾಕಿದ್ದಾನೆ. ನೀವು ಬೇಕಾದ್ರೆ ಮನೇಲಿ ಒಂದು ಮಾತು ಕೇಳಿ..."

"ನಾಳೆ ನಡೀತೀನಿ ಸರ್."

"ಶನಿವಾರ ಜನ ಜಾಸ್ತಿ ಇರ್ತಾರೆ."

"ಇರ್ಲಿ. ಬೀದಿ ಅಂದ್ಮೇಲೆ ಜನ ಇರ್ತಾರೆ."

ಅವರು ತಲೆಯಾಡಿಸಿದರು. ಅವಳು ಬಾಗಿಲ ತನಕ ಹೋದಾಗ, "ಬಂದರಿನದು ಸೋಮವಾರ ಬೇರೆಯವರಿಗೆ ಹೇಳ್ಬಿಡ್ತೀನಿ ಮೇಡಂ. ಆ ತನಕ ಖಾಲಿ ಇಟ್ಟಿರ್ತೀನಿ," ಎಂದರು.

ಮರುದಿನ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಎಂಟಣ್ಣ ಕಾರನ್ನು ಅವಳ ಬೀದಿಯ ಬಾಯಲ್ಲಿ ತಂದು ನಿಲ್ಲಿಸಿದ. ನೆರಳು ಕಡಿಮೆ ಇರುವ ಹೊತ್ತದು. ಅವಳು ಕೂದಲನ್ನು ಟೋಪಿಯೊಳಗೆ ಸೇರಿಸಿ, ಜಾಕೆಟಿನ ಜಿಪ್ಪನ್ನು ಕತ್ತಿನ ತನಕ ಎಳೆದು, ಗಂಡ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡಳು. ಎಂಟಣ್ಣ ಯಂತ್ರವನ್ನು ಅವಳ ಬೆನ್ನಿಗೇರಿಸಿ ಎದೆಯ ಮೇಲೆ ಪಟ್ಟಿ ಬಿಗಿದ. ಅವಳ ತಲೆಯ ಮೇಲೆ ಇನ್ನೊಂದು ಗುಂಡನೆಯ ತಲೆ ಎದ್ದು ನಿಂತಿತು.

"ಭಾರ ಇದೆಯಾ?"

"ದಿನದಷ್ಟೇ."

"ಇವತ್ತು ಜಾಸ್ತಿ ಅನ್ನಿಸಿದ್ರೆ ಅದು ಯಂತ್ರದ್ದಲ್ಲ, ನೆನಪಿಟ್ಕೊಳ್ಳಿ," ಎಂದು ಹೇಳಿ ಅವನು ಹಿಂದೆ ಸರಿದ.

ಮೊದಲು ಕದಲದೆ ನಿಲ್ಲಬೇಕು. ಅವಳು ನಿಂತಳು. ಎದುರಿಗೇ ಗಂಡನ ಅಂಗಡಿ. ಗಾಜಿನ ಹಿಂದೆ ಸಾಲಾಗಿ ಜೋಡಿಸಿದ ಕನ್ನಡಕಗಳೆಲ್ಲ ಅವಳನ್ನೇ ನೋಡುತ್ತಿದ್ದವು. ಪಕ್ಕದ ಟೈಲರ್ ಅಕ್ಕ ಮಿಷನ್ ನಿಲ್ಲಿಸಿ, ಕತ್ತಿನಲ್ಲಿ ಟೇಪು ನೇತುಹಾಕಿಕೊಂಡೇ ಹೊರಗೆ ಬಂದಳು.

"ಇದೇನೇ ಇದು, ತಲೆ ಮೇಲೊಂದು ತಲೆ?" ಎಂದು ಹತ್ತಿರ ಬಂದವಳು ಗುರುತು ಹಿಡಿದು ಬಾಯಿಗೆ ಕೈ ಇಟ್ಟಳು. "ಅಯ್ಯೋ, ನೀನಾ? ಆಫೀಸಲ್ಲಿ ಕೂತಿರ್ತೀಯ ಅಂದ್ರಲ್ಲ ನಿಮ್ಮನೆಯವ್ರು?"

ಅವಳು ಉತ್ತರಿಸುವಂತಿರಲಿಲ್ಲ.

"ಮಾತಾಡ್ಬಾರ್ದು ಅಕ್ಕ, ಯಂತ್ರಕ್ಕೆ ಕೋಪ ಬರತ್ತೆ," ಎಂದ ಎಂಟಣ್ಣ.

"ಹಂಗಾದ್ರೆ ನಮ್ಮನೆಯವ್ರಿಗೂ ಒಂದು ಕಟ್ಟಿಬಿಡಿ," ಎಂದಳು ಟೈಲರ್ ಅಕ್ಕ. ಸುತ್ತ ನಿಂತವರು ನಕ್ಕರು.

ಕೈಯಲ್ಲಿದ್ದ ಸಣ್ಣ ಪರದೆ ಹಸಿರಾಯಿತು. ಅವಳು ಹೆಜ್ಜೆ ಎತ್ತಿದಳು.

ಅಂಗಡಿಯ ಗಾಜಿನ ಬಾಗಿಲನ್ನು ಹಾಯುವಾಗ ಗಂಡ ತಲೆಯೆತ್ತಿ ನೋಡಿದ. ಒಂದು ಕ್ಷಣ ಅವನಿಗೆ ಏನೂ ಅರ್ಥವಾಗದಂತಿತ್ತು. ಅರ್ಥವಾದ ಕೂಡಲೇ ಕಣ್ಣಿನ ಪರೀಕ್ಷೆ ಮಾಡುವ ಪರದೆಯ ಹಿಂದೆ ಹೋದ. ಅವಳು ಅದನ್ನು ಕನ್ನಡಕದ ಅಂಚಿನಿಂದ ಕಂಡಳು. ತಲೆ ತಿರುಗಿಸಲಿಲ್ಲ, ತಿರುಗಿಸುವಂತಿರಲಿಲ್ಲ. ಹೆಜ್ಜೆ ಸಮವಾಗಿರಬೇಕು, ಉಸಿರು ಸಮವಾಗಿರಬೇಕು. ಇಷ್ಟು ವರ್ಷ ಈ ಬೀದಿಯಲ್ಲಿ ಅವಳು ನೆಲ ನೋಡಿಕೊಂಡು ನಡೆದಿದ್ದಳು. ಬೆನ್ನಿಗೆ ಯಂತ್ರವಿದ್ದಾಗ ನೆಲ ನೋಡಿದರೆ ಕಂಬ ವಾಲುತ್ತದೆ. ನೇರ ನೋಡಬೇಕು. ಹಾಗಾಗಿ ತನ್ನ ಬೀದಿಯ ಮನೆಗಳಿಗೆ ಮೇಲಂತಸ್ತುಗಳಿರುವುದು ಅವಳಿಗೆ ಅವತ್ತೇ ಸರಿಯಾಗಿ ಕಂಡಿತು. ಒಂದು ಮನೆಯ ಕಿಟಕಿಗೆ ಹಸಿರು ಬಣ್ಣ ಬಳಿದಿದ್ದರು. ಯಾವಾಗ ಬಳಿದರೋ.

ಅವಳ ಮನೆ ಬೀದಿಯ ಒಳಭಾಗದಲ್ಲಿತ್ತು. ಅತ್ತೆ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಸುದ್ದಿ ಅವಳಿಗಿಂತ ಬೇಗ ನಡೆದು ಅಲ್ಲಿಗೆ ಮುಟ್ಟಿತ್ತು. ಎದುರುಮನೆಯ ಹೆಂಗಸು ಬಟ್ಟೆ ಒಣಹಾಕುತ್ತಿದ್ದವಳು ಕೂಗಿ ಕೇಳಿದಳು:

"ಅಮ್ಮಾ, ಇವಳು ನಿಮ್ಮ ಸೊಸೆ ಅಲ್ವಾ?"

ಅವಳ ಕಾಲು ನಡೆಯುತ್ತಿತ್ತು, ಕಿವಿ ಮಾತ್ರ ನಿಂತುಬಿಟ್ಟಿತು.

"ಹೂಂ, ನಮ್ಮ ಸೊಸೆನೇ," ಎಂದರು ಅತ್ತೆ. "ಯಾಕೆ, ಗುರುತು ಸಿಗ್ಲಿಲ್ವಾ? ಕನ್ನಡಕ ಬೇಕಾದ್ರೆ ನಮ್ಮದೇ ಅಂಗಡಿ ಇದೆ." ಆಮೇಲೆ ಕೆಳಗೆ ನೋಡಿ, "ಭುಜ ನೆಟ್ಟಗೆ ಮಾಡ್ಕೊಂಡು ನಡಿ. ಗೂನಿ ಆಗ್ತೀಯ," ಎಂದು ಗದರಿದರು.

ಬೀದಿಯ ಕೊನೆಯಲ್ಲಿ ಗಿರಣಿಯ ಗೇಟು ಅರ್ಧ ತೆರೆದಿತ್ತು. ಆಚೆ ಖಾಲಿ ರಸ್ತೆ, ಮರದ ನೆರಳು, ಯಾರೂ ಇಲ್ಲ. ಅಲ್ಲಿಂದ ಹೊರಬಿದ್ದರೆ ಗಂಡನ ಅಂಗಡಿಯ ಮುಂದೆ ಮತ್ತೆ ಹಾಯಬೇಕಾಗಿಲ್ಲ. ಇನ್ನೊಂದು ತಂಡದವನು ಯಾಕೆ ಅಲ್ಲಿಂದ ಹೋದನೆಂದು ಅವಳಿಗೆ ಅರ್ಥವಾಯಿತು. ಅವಳು ಅಗಲವಾಗಿ, ನಿಧಾನವಾಗಿ ತಿರುಗಿ, ಬಂದ ದಾರಿಯಲ್ಲೇ ನಡೆದಳು.

ಈ ಸಲ ಗಂಡ ಅಂಗಡಿಯ ಹೊರಗೆ, ಮೆಟ್ಟಿಲ ಮೇಲೆ ನಿಂತಿದ್ದ. ಅವನ ಪಕ್ಕದಲ್ಲಿ ಯಾರೋ ಗಿರಾಕಿ. ಅಚ್ಚುಕಟ್ಟಾಗಿ ಬಟ್ಟೆ ಹಾಕಿದ, ಈ ಬೀದಿಗೆ ಹೊಸಬನಾದ ಮನುಷ್ಯ. ಅವಳು ಸಮೀಪಿಸುತ್ತಿದ್ದಂತೆ ಗಂಡನ ಮೈ ಬಿಗಿಯಾಯಿತು. ಕೈಗಳು ಪಕ್ಕಕ್ಕೆ ಅಂಟಿದವು. ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬಂತೆ ನಿಂತ.

"ಏನಿದು, ಯಾರಿವರು?" ಎಂದು ಗಿರಾಕಿ ಕೇಳಿದ.

"ಯಾರೋ ಕಂಪನಿಯವರು," ಎಂದ ಗಂಡ. "ನಕ್ಷೆಯವರಂತೆ."

ಅವಳು ಅವನಿಂದ ಎರಡು ಮೊಳ ದೂರದಲ್ಲಿ ಹಾದುಹೋಗುತ್ತಿದ್ದಳು. ಕೈ ಚಾಚಿದರೆ ಅವನ ಅಂಗಿ ಸಿಗುತ್ತಿತ್ತು; ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿದ ಅಂಗಿ. ನಿಲ್ಲುವಂತಿರಲಿಲ್ಲ, ಮಾತಾಡುವಂತಿರಲಿಲ್ಲ. ಟೈಲರ್ ಅಕ್ಕನ ಮಿಷನ್ನಿನ ಸದ್ದು ತಟ್ಟನೆ ನಿಂತದ್ದು ಕೇಳಿಸಿತು. ಅವಳಿಗೂ ಆ ಮಾತು ಕೇಳಿಸಿರಬೇಕು.

ಹೊರಟ ಜಾಗಕ್ಕೆ ಬಂದಳು. ಇನ್ನು ಮತ್ತೆ ಕದಲದೆ ನಿಲ್ಲಬೇಕು. ಕೆನ್ನೆಯ ಮೇಲೆ ಬೆವರೋ ಮತ್ತೊಂದೋ ಇಳಿಯುತ್ತಿತ್ತು. ಒರೆಸಿಕೊಳ್ಳುವಂತಿಲ್ಲ. ಯಾರೋ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು ಯಾರೋ. ಬೇರೆ ದಿನವಾಗಿದ್ದರೆ ಅವಳು ಕೂಡಲೇ ಏನಾದರೂ ಕೆಲಸಕ್ಕೆ ಕೈ ಹಾಕಿ ಆ ಮಾತನ್ನು ಅದರಡಿಯಲ್ಲಿ ಮುಚ್ಚಿಬಿಡುತ್ತಿದ್ದಳು. ಪಾತ್ರೆಯೋ, ಬಟ್ಟೆಯೋ, ಕಿಲುಬು ಹಿಡಿದ ನಲ್ಲಿಯೋ ಏನಾದರೊಂದು ಸಿಗುತ್ತಿತ್ತು. ಇವತ್ತು ಯಂತ್ರ ಅವಳನ್ನು ಬಿಸಿಲಿನಲ್ಲಿ ನೆಟ್ಟಗೆ ನಿಲ್ಲಿಸಿ, ಆ ಮಾತನ್ನು ಕೊನೆಯ ತನಕ ಕೇಳಿಸಿತು.

ಎಂಟಣ್ಣ ಎಲ್ಲವನ್ನೂ ನೋಡಿದ್ದ. ಬಂದು ಅವಳ ಮುಖಕ್ಕೆ ನೆರಳಾಗುವಂತೆ ನಿಂತು, "ಹಸಿರಾಯ್ತು ತಂಗ್ಯಮ್ಮ," ಎಂದ.

ಮಧ್ಯಾಹ್ನ ಆಫೀಸಿನಲ್ಲಿ ಅವಳೇ ಕೂತು ಬೀದಿಯನ್ನು ಜೋಡಿಸಿದಳು. ಗೋಡೆಗಳು ಒಂದಾದವು. ಮೆಟ್ಟಿಲು ಒಂದಾಯಿತು. ಅವಳ ಮನೆಗೆ ಒಂದೇ ಬಾಗಿಲು, ಒಂದೇ ಬಾಲ್ಕನಿ. ಇನ್ನು ಉಳಿದದ್ದು ಜನರನ್ನು ಅಳಿಸುವುದು. ನಕ್ಷೆಯಲ್ಲಿ ಜನ ಇರಬಾರದು. ಗೋಡೆ, ಕಂಬ, ಮರ ಸಾಕು. ಓಡಾಡುವವರನ್ನು ಯಂತ್ರ ತಾನೇ ಗುರುತಿಸಿ ತೆಗೆಯುತ್ತದೆ, ತಪ್ಪಿಸಿಕೊಂಡವರನ್ನು ಕೈಯಿಂದ ತೆಗೆಯಬೇಕು. ಯಂತ್ರ ಹೊತ್ತವಳು ಮೊದಲಿಂದಲೇ ಇರುವುದಿಲ್ಲ. ಹೊತ್ತವರ ಮೈ ಎಲ್ಲಿದೆಯೋ ಅಷ್ಟು ಜಾಗವನ್ನು ಯಂತ್ರ ನೋಡುವುದೇ ಇಲ್ಲ. ಹಾಗೆ ಅದನ್ನು ಮಾಡಿದ್ದಾರೆ.

ಅಂಗಡಿಯ ಮುಂದೆ ಬಂದಾಗ ಅವಳ ಕೈ ನಿಂತಿತು. ಮೆಟ್ಟಿಲ ಮೇಲೆ ನೆಟ್ಟಗೆ ಒಂದು ಆಕೃತಿ. ಗಿರಾಕಿ ಸ್ವಲ್ಪ ಅಲುಗಾಡಿದ್ದರಿಂದ ಯಂತ್ರ ಅವನನ್ನು ಮನುಷ್ಯನೆಂದು ತಿಳಿದು ತೆಗೆದುಹಾಕಿತ್ತು. ಕೈಯನ್ನು ಮೈಗಂಟಿಸಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದ ಗಂಡನನ್ನು ಮಾತ್ರ ಉಳಿಸಿಕೊಂಡಿತ್ತು. ಪಕ್ಕದಲ್ಲಿ ಯಂತ್ರವೇ ಹಾಕಿದ ಗುರುತು: ಕಂಬ.

ಅವಳಿಗೆ ನಗು ಬಂತು. ಈ ಸಲ ಹೊಟ್ಟೆಯಿಂದಲೇ ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳು ಕರ್ಚೀಫಿನಿಂದ ಕಣ್ಣೊರೆಸಿಕೊಂಡಳು.

ಹಾಗೇ ಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನು ಎಷ್ಟು ವರ್ಷವಾದರೂ ಈ ಊರಿನ ನಕ್ಷೆಯಲ್ಲಿ ಕನ್ನಡಕದ ಅಂಗಡಿಯ ಮುಂದೆ ಒಂದು ಕಂಬ ಇರುತ್ತಿತ್ತು. ಅವನು ಅವಳನ್ನು ಯಾರೋ ಎಂದ. ಅವಳು ಅವನನ್ನು ಕಂಬವೆಂದು ಬಿಟ್ಟರೆ ಲೆಕ್ಕ ಸರಿಹೋಗುತ್ತಿತ್ತು. ಬೆರಳು ಹಾಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ಅವನನ್ನು ಅಳಿಸಿದಳು. ದಯೆಯಿಂದಲ್ಲ. ಇಲ್ಲದ ಕಂಬ ಇದೆ ಎಂದು ತೋರಿಸುವ ನಕ್ಷೆಯನ್ನು ಅವಳು ಈವರೆಗೆ ಮಾಡಿರಲಿಲ್ಲ, ಅವನೊಬ್ಬನಿಗಾಗಿ ಈಗ ಮಾಡುವುದಿಲ್ಲ.

ಸಂಜೆ ಬೇಕರಿಯ ಹತ್ತಿರ ಎಂಟಣ್ಣ ಕಾರಿನ ವೇಗ ತಗ್ಗಿಸಿದ. ಅವಳು ಇಳಿಯಲಿಲ್ಲ. ಅವನು ಕನ್ನಡಿಯಲ್ಲಿ ಒಮ್ಮೆ ನೋಡಿ, ಗೇರು ಬದಲಿಸಿ, ನೇರ ಅವಳ ಬೀದಿಯ ಬಾಯಿಗೆ ಓಡಿಸಿದ. ಅವಳು ಜಾಕೆಟ್ ಹಾಕಿಕೊಂಡೇ ಇಳಿದು ಬೀದಿಯ ನಡುವೆ ನಡೆದಳು. ಟೈಲರ್ ಅಕ್ಕ ಕೈ ಎತ್ತಿದಳು. ಅವಳೂ ಕೈ ಎತ್ತಿದಳು.

ಅತ್ತೆ ಹಜಾರದಲ್ಲಿ ಕಾಲು ನೀವಿಕೊಳ್ಳುತ್ತಾ ಕೂತಿದ್ದರು.

"ಮಧ್ಯಾಹ್ನ ನೀವು ಹಾಗೆ ಹೇಳಿದ್ದು..." ಎಂದು ಅವಳು ಶುರುಮಾಡಿದಳು.

"ನನಗೇನು ಇಷ್ಟ ಆಯ್ತು ಅಂತ ತಿಳ್ಕೋಬೇಡ," ಎಂದರು ಅತ್ತೆ. "ಸ್ವಲ್ಪವೂ ಇಷ್ಟ ಆಗ್ಲಿಲ್ಲ. ಇರೋದನ್ನ ಇದೆ ಅಂದೆ, ಅಷ್ಟೆ. ಆ ಎದುರುಮನೆಯವಳ ಮುಂದೆ ನನ್ನ ಸೊಸೆನ ನನ್ನ ಸೊಸೆ ಅಲ್ಲ ಅನ್ಲಾ?"

ಅವಳು ಜಾಕೆಟ್ ಬಿಚ್ಚಿ ಸುತ್ತಲೂ ನೋಡಿದಳು. ಬಾಗಿಲ ಪಕ್ಕದ ಮೊಳೆಗೆ ಗಂಡನ ಕೊಡೆ ತೂಗುತ್ತಿತ್ತು. ಅದನ್ನು ಇನ್ನೊಂದು ಮೊಳೆಗೆ ಸರಿಸಿ, ಅಲ್ಲಿ ಜಾಕೆಟ್ ತೂಗುಹಾಕಿದಳು. ಬಾಗಿಲು ತೆರೆದಿದ್ದರೆ ಬೀದಿಯಿಂದ ಮೊದಲು ಕಾಣುವುದು ಅದೇ.

ಗಂಡ ಇವತ್ತು ಬೇಗ ಬಂದ. ಜಾಕೆಟ್ ನೋಡಿದ, ಕೊಡೆ ನೋಡಿದ, ಚಪ್ಪಲಿ ಬಿಡಲು ಹೊತ್ತು ತೆಗೆದುಕೊಂಡ. ಆಮೇಲೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಆ ಮನುಷ್ಯ ಹೊಸಬ ಕಣೇ. ಅವನಿಗೆಲ್ಲ ವಿವರಿಸ್ತಾ ಕೂರೋದ್ಯಾಕೆ ಅಂತ... ಬಾಯಿಗೆ ಹಾಗೆ ಬಂದುಬಿಡ್ತು."

"ಹೂಂ."

"ಕೋಪ ಬಂತಾ?"

"ಇಲ್ಲ."

ಅದು ನಿಜವಾಗಿತ್ತು. ಕೋಪ ಬಂದಿದ್ದರೆ ಅವನಿಗೆ ಅನುಕೂಲವಿತ್ತು. ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಎಲ್ಲ ಮೊದಲಿನಂತಾಗುತ್ತಿತ್ತು. ಅವನು ಹಗುರಾದವನಂತೆ ಉಸಿರು ಬಿಟ್ಟು ಹಜಾರಕ್ಕೆ ಹೋದ.

ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ಮುಂಬಾಗಿಲಿಗೆ ಹೋಗಿ ಹೊಸ್ತಿಲ ಆಚೆಯ ಮೆಟ್ಟಿಲ ಮೇಲೆ ಕೂತಳು. ಬೀದಿಯಲ್ಲಿ ಇನ್ನೂ ಬೆಳಕಿತ್ತು. ಎದುರುಮನೆಯ ಒಣಗಿದ ಬಟ್ಟೆಗಳು, ಹಸಿರು ಕಿಟಕಿ, ದೂರದಲ್ಲಿ ಬೀದಿಯ ಬಾಯಿ. ಅದರಾಚೆಯ ರಸ್ತೆ, ಅದರಾಚೆಯ ಹೆದ್ದಾರಿ ಅವಳಿಗೆ ಗೊತ್ತು. ಹೆದ್ದಾರಿಯ ಕೊನೆಯಲ್ಲಿದ್ದ ಊರು ಮಾತ್ರ ಗೊತ್ತಿರಲಿಲ್ಲ. ಅಲ್ಲಿ ಬೀದಿಗಳು ಕಡಲಿಗೆ ಇಳಿಯುತ್ತವಂತೆ. ಅಲ್ಲಿ ಯಾರೂ ಅವಳನ್ನು ಯಾರ ಹೆಂಡತಿ ಎಂದು ಮೊದಲು ಕೇಳುವುದಿಲ್ಲ. ಕೇಳಿದರೂ ನಡೆಯುವಾಗ ಉತ್ತರ ಕೊಡುವಂತಿಲ್ಲ.

ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ಬೇರೆಯವರ ಹೆಸರು ಹೇಳುವ ಮೊದಲೇ ಹೋಗಿ, ಬಂದರಿಗೆ ಹೋಗ್ತೀನಿ ಸರ್ ಎನ್ನಬೇಕು. ಮನೆಯಲ್ಲಿ ಕೇಳಿ ಹೇಳ್ತೀನಿ ಎಂದಲ್ಲ. ಹೋಗ್ತೀನಿ ಎಂದು.

"ಏನೇ, ಅಲ್ಲೇನು ಮಾಡ್ತಿದ್ದೀಯ?" ಗಂಡ ಒಳಗಿನಿಂದ ಕೂಗಿದ. "ಒಂದು ಲೋಟ ನೀರು ಕೊಡ್ತೀಯಾ?"

"ಈಗ ಏಳೋಕಾಗಲ್ಲ," ಎಂದಳು ಅವಳು. "ಸ್ವಲ್ಪ ಹೊತ್ತು."

ಒಳಗೆ ಕುರ್ಚಿ ಸರಿದದ್ದು, ಅಡುಗೆಮನೆಯಲ್ಲಿ ಲೋಟಕ್ಕಾಗಿ ತಡಕಾಡಿದ್ದು ಕೇಳಿಸಿತು. ಲೋಟಗಳು ಎಲ್ಲಿರುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಲೂ ಇಲ್ಲ. ಬೀದಿಯ ಕಡೆ ಮುಖಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಅಲುಗಾಡದೆ ಕೂತೇ ಇದ್ದಳು.